ಅಶೋಕನ ಬಂಡೆಗಳ ದಾರಿಯಲ್ಲಿ, ಕಾಣೆಯಾದವರ ಪಟ್ಟಿ ಹಿಡಿದು

ಶುಕ್ರವಾರ, ಸಂಡೂರು

ಪ್ರತಿ ವೈಶಾಖ ಹುಣ್ಣಿಮೆಗೆ ಬಳ್ಳಾರಿಯ ನಮ್ಮ ಧ್ಯಾನದ ಗುಂಪು ತೀರಿಹೋದ ಬಂಧುಗಳ ಹೆಸರು ಓದಿ, ಬಟ್ಟಲಿಗೆ ನೀರೆರೆದು, ತಾನು ಗಳಿಸಿದ ಪುಣ್ಯವನ್ನು ಅವರಿಗೆ ಅರ್ಪಿಸುತ್ತದೆ. ಶ್ರೀಲಂಕಾ, ಬರ್ಮಾ, ಥಾಯ್ಲೆಂಡಿನ ಬೌದ್ಧರಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ ಇದು. ಈ ಸಲ ಮನುಷ್ಯರ ಜೊತೆಗೆ ನಮ್ಮ ಸೀಮೆಯಿಂದ ಕಾಣೆಯಾದ ಹಕ್ಕಿ, ಪ್ರಾಣಿ, ಹಳ್ಳ, ಬೆಟ್ಟಗಳ ಹೆಸರನ್ನೂ ಓದೋಣವೆಂದು ಮಾತಾಯಿತು. ಪಟ್ಟಿ ಬರೆಯುವ ಹೊಣೆ ನನಗೆ ಬಂತು. ಕೋಣೆಯಲ್ಲಿ ಕುಳಿತು ಬರೆದರೆ ಅದು ಪತ್ರಿಕೆಯ ಸುದ್ದಿಗಳ ಸಾರಾಂಶವಾಗುತ್ತದೆ. ಕಳೆದುಕೊಂಡವರನ್ನೇ ಕೇಳಿ ಬರೆಯಬೇಕು ಎಂದು ಹೊರಟೆ. ದಾರಿಗೆ ಅಶೋಕನ ಶಾಸನಗಳಿರುವ ಊರುಗಳನ್ನು ಆರಿಸಿಕೊಂಡೆ. ತಾನು ಮಾಡಿದ ಹಾನಿಗೆ ಮರುಗಿ, ಆ ಮರುಕವನ್ನು ಎಲ್ಲರೂ ಓದಲೆಂದು ಕಲ್ಲಿನಲ್ಲಿ ಕೊರೆಸಿದ ಇನ್ನೊಬ್ಬ ದೊರೆಯನ್ನು ನಾನು ಕಾಣೆ.

ಮೊದಲು ಸಂಡೂರು. ಇಲ್ಲಿ ಶಾಸನವಿಲ್ಲ, ಆದರೆ ನಮ್ಮ ಜಿಲ್ಲೆಯ ದೊಡ್ಡ ಗಾಯ ಇಲ್ಲಿಯೇ ಇದೆ. ನಾರಿಹಳ್ಳ ಬೆಟ್ಟಸಾಲನ್ನು ಸೀಳಿಕೊಂಡು ಹರಿಯುವ ಭೀಮಗಂಡಿ, ಓಬಳಗಂಡಿಗಳನ್ನು ಮಳೆಗಾಲದಲ್ಲಿ ನೋಡಿದವರಿಗೆ ಈ ಕಣಿವೆ ಎಂಥದೆಂದು ಗೊತ್ತು. ಈಗ ಫೆಬ್ರುವರಿ. ರಸ್ತೆ ಬದಿಯ ಬೇವು, ಹೊಂಗೆಯ ಎಲೆಗಳ ಮೇಲೆ ಕಬ್ಬಿಣದ ಅದಿರಿನ ಕೆಂಧೂಳು ಪದರಗಟ್ಟಿದೆ. ಚೀನಾದ ಬೇಡಿಕೆ ಏರಿದ ವರ್ಷಗಳಲ್ಲಿ ಇಲ್ಲಿ ಹಗಲು ರಾತ್ರಿಯ ಭೇದವಿಲ್ಲದೆ ಅಗೆದರು. ಲೋಕಾಯುಕ್ತರ ವರದಿಗಳು ಬಂದವು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. 2013ರಲ್ಲಿ ಅತಿ ಹೆಚ್ಚು ಅಕ್ರಮ ನಡೆದ ಗುತ್ತಿಗೆಗಳನ್ನು ರದ್ದುಪಡಿಸಿ, ಉಳಿದವಕ್ಕೆ ಮಿತಿ ಹಾಕಿ ಮತ್ತೆ ಅವಕಾಶ ಕೊಟ್ಟಿತು. 2024ರಲ್ಲಿ ದೇವದಾರಿ ಬೆಟ್ಟದ ಗಣಿಗೆ 99 ಸಾವಿರಕ್ಕೂ ಹೆಚ್ಚು ಮರಗಳು ಬಲಿಯಾಗಲಿವೆ ಎಂಬ ಸುದ್ದಿ ಬಂದಾಗ ಇಲ್ಲಿಯವರು ಮತ್ತೆ ಬೀದಿಗೆ ಇಳಿದರು.

ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಂಡಾಳು ಒಗ್ಗರಣೆ, ಮಿರ್ಚಿ ತಿನ್ನುತ್ತಿದ್ದಾಗ ಎದುರಿಗೆ ಅದಿರು ಲಾರಿಯ ಚಾಲಕರೊಬ್ಬರು ಕುಳಿತಿದ್ದರು. ನಾನು ಪಟ್ಟಿಯ ವಿಷಯ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಚಿಕ್ಕವರಿದ್ದಾಗ ಅವರ ಊರಿನ ಹಿಂದಿದ್ದ ಒಂದು ಗುಡ್ಡದ ಹೆಸರು ಹೇಳಿ, ಅದರ ಮೇಲೆ ಸೀತಾಫಲ ಕೀಳಲು ಹೋಗುತ್ತಿದ್ದುದನ್ನು ನೆನೆದರು. "ಆ ಗುಡ್ಡವನ್ನು ಹೊತ್ತವರಲ್ಲಿ ನಾನೂ ಒಬ್ಬ, ಅಕ್ಕಾ. ಬರೆದುಕೊಳ್ಳಿ, ಆದರೆ ನನ್ನ ಹೆಸರು ಬೇಡ" ಎಂದರು.

ವಿಯೆಟ್ನಾಮಿನ ಭಿಕ್ಷು ಥಿಕ್ ನ್ಯಾತ್ ಹಾನ್ ತಮ್ಮ ಶಿಷ್ಯರಿಗೆ ಒಂದು ಹಾಳೆಯನ್ನು ತೋರಿಸಿ ಅದರಲ್ಲಿ ಮೋಡವನ್ನು, ಮಳೆಯನ್ನು, ಮರ ಕಡಿದವನನ್ನು ಕಾಣಲು ಹೇಳುತ್ತಿದ್ದರು. ನನ್ನ ಮುಂದೆ ನೀರಿನ ಸ್ಟೀಲ್ ಲೋಟವಿತ್ತು. ಅದರಲ್ಲಿ ಕಾಣಬೇಕಾದದ್ದು ಯಾವುದೆಂದು ಸಂಡೂರಿನಲ್ಲಿ ಕುಳಿತವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಚಾಲಕರೂ ನಾನೂ ಒಂದೇ ಬೆಟ್ಟವನ್ನು ಬಳಸಿದ್ದೇವೆ, ಒಂದೇ ಬೆಟ್ಟಕ್ಕೆ ಮರುಗುತ್ತಿದ್ದೇವೆ. ಬಳಸಿದವರಿಗೆ ಮರುಗುವ ಹಕ್ಕಿಲ್ಲ ಎಂದು ಹಟ ಹಿಡಿದರೆ ಲೋಕದಲ್ಲಿ ಮರುಗುವವರೇ ಉಳಿಯುವುದಿಲ್ಲ.

ರಾತ್ರಿ ವಸತಿಗೃಹದಲ್ಲಿ ಮಲಗುವ ಮುಂಚೆ ಜೊಆನಾ ಮೇಸಿ ನೆನಪಾದರು. ಕಳೆದ ಶತಮಾನದ ಕೊನೆಯ ದಶಕಗಳಿಂದ 2025ರಲ್ಲಿ ತೀರಿಕೊಳ್ಳುವವರೆಗೂ ಅಮೆರಿಕದ ಈ ಬೌದ್ಧ ವಿದುಷಿ ಜನರನ್ನು ವೃತ್ತಾಕಾರವಾಗಿ ಕೂರಿಸಿ, ಭೂಮಿಗಾಗಿ ಅವರೊಳಗೆ ಹೆಪ್ಪುಗಟ್ಟಿದ ಹತಾಶೆಯನ್ನು ಬಾಯಿಬಿಟ್ಟು ಹೇಳಿಸುತ್ತಿದ್ದರು. ಆ ನೋವನ್ನು ಅವರು ರೋಗವೆಂದು ಎಣಿಸಲಿಲ್ಲ. ಜಗತ್ತಿನೊಡನೆ ನಮ್ಮ ನಂಟು ಇನ್ನೂ ಹರಿದಿಲ್ಲ ಎಂಬುದಕ್ಕೆ ಅದನ್ನು ಸಾಕ್ಷಿಯೆಂದು ಕಂಡರು. ಲಾರಿ ಚಾಲಕರು ಕೇಳದೆಯೇ ಹೇಳಿದ್ದು ಅದನ್ನೇ.

ಶನಿವಾರ, ನಿಟ್ಟೂರು ಮತ್ತು ಉಡೇಗೋಳ

ಸಿರುಗುಪ್ಪದ ದಾರಿಯಲ್ಲಿ ಎಲ್ಲಿ ನೋಡಿದರೂ ಭತ್ತದ ಗದ್ದೆ, ಅಕ್ಕಿ ಗಿರಣಿ, ಕಾಲುವೆ. ಈ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳ ಬಂಡೆಗಳಲ್ಲಿ ಅಶೋಕನ ಲಘು ಶಾಸನಗಳಿವೆ. 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಇವುಗಳಲ್ಲಿ 'ಅಶೋಕ' ಎಂಬ ಹೆಸರೂ ಇದೆ.

ಬಂಡೆಯ ಮುಂದೆ ನಿಂತು ಬ್ರಾಹ್ಮಿಯನ್ನು ಓದಲು ನನಗೆ ಬಾರದು. ಕನ್ನಡದ ಅನುವಾದವನ್ನು ಬರೆದುಕೊಂಡು ಹೋಗಿದ್ದೆ, ಅದನ್ನೇ ನಿಧಾನವಾಗಿ ಗಟ್ಟಿಯಾಗಿ ಓದಿದೆ. ಬೌದ್ಧ ಉಪಾಸಕನಾಗಿ ಎರಡೂವರೆ ವರ್ಷ ಕಳೆದರೂ ಮೊದಲು ತಾನು ಹೆಚ್ಚು ಶ್ರಮಿಸಲಿಲ್ಲ ಎಂದು ದೊರೆ ಹೇಳಿಕೊಳ್ಳುತ್ತಾನೆ. ಸಂಘದ ಹತ್ತಿರ ಬಂದು ಒಂದು ವರ್ಷಕ್ಕೂ ಮಿಗಿಲಾದ ಮೇಲೆ ಮನಸ್ಸಿಟ್ಟು ಶ್ರಮಿಸಿದೆ ಎನ್ನುತ್ತಾನೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಶ್ರಮಿಸಿದರೆ ಇದು ದಕ್ಕುತ್ತದೆ ಎನ್ನುತ್ತಾನೆ. ಮುಂದಿನ ಭಾಗದಲ್ಲಿ ತಂದೆತಾಯಿಯರ ಮಾತು ಕೇಳಬೇಕು, ಜೀವಿಗಳಿಗೆ ದಯೆ ತೋರಬೇಕು, ಸತ್ಯ ಹೇಳಬೇಕು ಎಂಬ ಮಾತುಗಳಿವೆ.

ಜೀವದಯೆಯ ಪಕ್ಕದಲ್ಲೇ ಸತ್ಯ ನುಡಿಯುವ ಮಾತು ಬಂದಿರುವುದು ನನ್ನನ್ನು ಬಹಳ ಹೊತ್ತು ಹಿಡಿದಿಟ್ಟಿತು. ನಿಸರ್ಗದ ನಷ್ಟಕ್ಕೆ ಅಳುವ ಕೆಲಸ ಸತ್ಯ ಹೇಳುವುದರಿಂದ ಶುರುವಾಗಬೇಕು. ಯಾವ ಜೀವ, ಎಲ್ಲಿತ್ತು, ಯಾವಾಗ ಹೋಯಿತು, ಯಾರ ಕೈಯಿಂದ ಹೋಯಿತು ಎನ್ನುವ ವಿವರವಿಲ್ಲದ ದುಃಖ ಗಾಳಿಯಲ್ಲಿ ಆವಿಯಾಗುತ್ತದೆ. ಅಶೋಕ ಪಟ್ಟಿ ಮಾಡುವುದರಲ್ಲಿ ನಿಷ್ಣಾತ. ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ ಹೊರಡಿಸಿದ ಸ್ತಂಭಶಾಸನದಲ್ಲಿ ಕೊಲ್ಲಬಾರದ ಜೀವಿಗಳನ್ನು ಹೆಸರಿಟ್ಟು ಹೇಳುತ್ತಾನೆ: ಗಿಳಿ, ಮೈನಾ, ಬಾವಲಿ, ಆಮೆ, ಮುಳ್ಳುಹಂದಿ, ಹೀಗೆ ಸಾಗುತ್ತದೆ. ಕಾರಣವಿಲ್ಲದೆ ಕಾಡು ಸುಡಬಾರದು, ಜೀವಿಗಳಿರುವ ಹೊಟ್ಟನ್ನು ಸುಡಬಾರದು ಎಂದೂ ಅಲ್ಲಿದೆ. ಆ ಕಂಬಗಳು ಉತ್ತರದಲ್ಲಿವೆ. ಆದರೆ ಉಡೇಗೋಳದಿಂದ ಹಿಂದಿರುಗುವಾಗ ಕೊಯ್ಲಾದ ಗದ್ದೆಯೊಂದರಲ್ಲಿ ಭತ್ತದ ಹುಲ್ಲಿಗೆ ಬೆಂಕಿ ಹಾಕಿದ್ದರು. ಹೊಗೆಯ ಅಂಚಿನಲ್ಲಿ ಬೆಳ್ಳಕ್ಕಿಗಳು ಓಡುವ ಹುಳುಗಳನ್ನು ಹೆಕ್ಕುತ್ತಿದ್ದವು. ಇಪ್ಪತ್ತೆರಡು ಶತಮಾನ ದಾಟಿದ ಆಜ್ಞೆ ಇಂದಿನ ಬೆಳಗಿಗೂ ಹೊಂದುತ್ತದೆ.

ಭಾನುವಾರ, ಸಿರುಗುಪ್ಪದ ಎರೆಹೊಲಗಳು

ಈ ತಿರುಗಾಟದ ತಿರುಳು ಇವತ್ತಿನದು. ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಯನ್ನು ಎರೆಭೂತ ಎಂದೂ ಕರೆಯುತ್ತಾರೆ. ಸುಮಾರು ಒಂದು ಮೀಟರ್ ಎತ್ತರ, ಗಂಡಾದರೆ 15 ಕೆಜಿವರೆಗೂ ತೂಗುವ, ಹಾರುವ ಹಕ್ಕಿಗಳಲ್ಲಿ ಅತಿ ಭಾರದವುಗಳಲ್ಲೊಂದು. ಗೂಡು ಕಟ್ಟದೆ ಬಯಲ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. 1969ರಲ್ಲಿ ದೇಶದಲ್ಲಿ ಸುಮಾರು 1,260 ಇದ್ದವೆಂಬ ಅಂದಾಜಿತ್ತು. ಈಗ 150ರ ಆಸುಪಾಸು, ಅವುಗಳಲ್ಲೂ ಬಹುಪಾಲು ರಾಜಸ್ಥಾನದಲ್ಲಿ. ಕೃಷ್ಣಮೃಗದ ಜೊತೆಗೆ ಈ ಹಕ್ಕಿಗಾಗಿಯೂ 1974ರಲ್ಲಿ ರಾಣೆಬೆನ್ನೂರಿನಲ್ಲಿ ವನ್ಯಜೀವಿ ಧಾಮ ಮಾಡಿದರು, ಅಲ್ಲಿಂದ ಅದು ಮಾಯವಾಯಿತು. ಕರ್ನಾಟಕದಲ್ಲಿ ಅದರ ಕೊನೆಯ ನೆಲೆ ಸಿರುಗುಪ್ಪದ ಈ ಕಪ್ಪು ಮಣ್ಣು. ಕೈಬೆರಳುಗಳಲ್ಲಿ ಎಣಿಸುವಷ್ಟು ಉಳಿದಿವೆ.

ಕಿಸಾ ಗೋತಮಿಯ ಕಥೆ ನಮಗೆಲ್ಲ ಗೊತ್ತು. ಸತ್ತ ಮಗುವನ್ನು ಹೊತ್ತು ಔಷಧಿ ಬೇಡಿದವಳಿಗೆ ಬುದ್ಧ, ಸಾವು ಕಾಣದ ಮನೆಯಿಂದ ಸಾಸಿವೆ ತರಲು ಹೇಳಿದ. ಅವಳು ಮನೆ ಮನೆ ಅಲೆದಳು. ಈ ಕಥೆಯನ್ನು ಹೇಳುವವರು ಎಲ್ಲರಿಗೂ ಸಾವು ಇದ್ದದ್ದೇ ಎಂಬಲ್ಲಿಗೆ ನಿಲ್ಲಿಸುತ್ತಾರೆ. ನನಗೆ ಕಥೆಯ ಜೀವ ಇರುವುದು ಆ ಅಲೆದಾಟದಲ್ಲಿ. ಒಂದೊಂದು ಹೊಸ್ತಿಲಲ್ಲೂ ಯಾರೋ ಒಬ್ಬರು ತಮ್ಮ ಮನೆಯ ಸಾವನ್ನು ಆಕೆಗೆ ಹೇಳಿರಬೇಕು, ಆಕೆ ನಿಂತು ಕೇಳಿರಬೇಕು. ಆಕೆಯ ಹಾಗೆ ನಾನೂ ಎರೆಹೊಲದ ಒಂದು ಹಳ್ಳಿಯಲ್ಲಿ ಮನೆ ಮನೆಗೆ ಹೋದೆ. "ನಿಮ್ಮ ಹೊಲದಿಂದ, ಹಳ್ಳದಿಂದ ಏನು ಹೋಗಿದೆ?" ಎಂದಷ್ಟೇ ಕೇಳಿದೆ.

ಕಟ್ಟೆಯ ಮೇಲೆ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅಜ್ಜಿ ತಲೆ ಎತ್ತದೆಯೇ "ಎರ್ಲಡ್ಡು" ಎಂದರು. ಜೋಳ, ಕಡಲೆ, ಕುಸುಬೆ ಬೆಳೆಯುತ್ತಿದ್ದ ಕಾಲದಲ್ಲಿ ಅದು ಸಾಲಿನ ನಡುವೆ ಗತ್ತಿನಿಂದ ನಡೆಯುತ್ತಿತ್ತಂತೆ. ಕಳೆ ತೆಗೆಯುವಾಗ ಒಮ್ಮೆ ಮೊಟ್ಟೆ ಸಿಕ್ಕಿತ್ತು, ಅತ್ತೆ ಅದರ ಸುತ್ತಲಿನ ಕಳೆಯನ್ನು ಕೀಳದೆ ಹಾಗೆಯೇ ಬಿಡಲು ಹೇಳಿದರು. "ಅವಳು ಸತ್ತಳು. ಹಕ್ಕಿಯೂ ಬರಲಿಲ್ಲ" ಎಂದು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಪಕ್ಕದ ಮನೆಯ ಕುರಿಗಾಹಿ ಯಜಮಾನರು ರಣಹದ್ದುಗಳನ್ನು ಹೇಳಿದರು. ಎತ್ತು ಸತ್ತರೆ ಮಧ್ಯಾಹ್ನದೊಳಗೆ ಎಲುಬು ಮಾತ್ರ ಉಳಿಯುತ್ತಿತ್ತು, ಈಗ ನಾಯಿಗಳು ಎಳೆದಾಡುತ್ತವೆ ಎಂದರು. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ನೋವಿನ ಮದ್ದು ರಣಹದ್ದುಗಳ ಮೂತ್ರಪಿಂಡ ಕೆಡಿಸಿ ಕೊಂದದ್ದು, 2006ರಲ್ಲಿ ಪಶುಗಳಿಗೆ ಅದನ್ನು ನಿಷೇಧಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಹೇಳಿದೆ. ಅವರು ಸುಮ್ಮನಾದರು. ತಮ್ಮ ಎತ್ತಿಗೂ ಇಂಜೆಕ್ಷನ್ ಕೊಡಿಸಿದ್ದೆ ಎಂದು ಆಮೇಲೆ ಹೇಳಿದರು. ಆ ಮಾತಿಗೆ ನಾನು ಯಾವ ಸಮಾಧಾನವನ್ನೂ ಹೇಳಲಿಲ್ಲ. ಸುತ್ತಲೂ ಇದ್ದವರೂ ಹೇಳಲಿಲ್ಲ. ಮತ್ತೊಂದು ಮನೆಯಲ್ಲಿ ತೋಳ, ಇನ್ನೊಂದರಲ್ಲಿ ಬೇಸಿಗೆಯಲ್ಲೂ ಮೀನು ಸಿಗುತ್ತಿದ್ದ ಹಳ್ಳದ ಮಡು. ಒಬ್ಬ ತಾಯಿ ಅಂಗಳದ ಗುಬ್ಬಿಗಳನ್ನು ಹೇಳಿದರು.

ಕೊನೆಯ ಮನೆಯಲ್ಲಿ ಒಬ್ಬ ಯುವ ರೈತ ಎದ್ದುನಿಂತು ಖಡಾಖಂಡಿತವಾಗಿ ಹೇಳಿದ: "ನಮ್ಮದೇನೂ ಹೋಗಿಲ್ಲ, ಅಕ್ಕಾ. ನಮಗೆ ಬಂದಿದೆ. ನಮ್ಮ ತಾತ ಬರಗಾಲದಲ್ಲಿ ಊರು ಬಿಟ್ಟು ಕೂಲಿಗೆ ಹೋಗುತ್ತಿದ್ದರು. ಕಾಲುವೆ ನೀರು ಬಂದ ಮೇಲೆ ಮನೆಯಲ್ಲಿ ಅನ್ನ ಉಂಡಿದ್ದೇವೆ. ಹಕ್ಕಿಗೆ ಅಳುವವರು ನಮ್ಮ ತಾತನಿಗೆ ಅತ್ತಿದ್ದರೆ?"

ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದ ಈ ಸೀಮೆಗೆ ಬಂತು. ಭತ್ತ ಬಂದಲ್ಲಿ ಎರ್ಲಡ್ಡುವಿನ ಬಯಲು ಹೋಯಿತು, ಅದರ ಮೇಲೆ ವಿದ್ಯುತ್ ತಂತಿಗಳು ಬಂದವು. ನೇರ ಮುಂದಿನದನ್ನು ಸರಿಯಾಗಿ ಕಾಣದ ಈ ಭಾರದ ಹಕ್ಕಿ ಹಾರುವಾಗ ಆ ತಂತಿಗಳಿಗೆ ಬಡಿದು ಸಾಯುತ್ತದೆ. ಇದೆಲ್ಲ ನಿಜ. ಆ ಯುವಕನ ಮಾತೂ ಅಷ್ಟೇ ನಿಜ. ಅವನ ತಾತನ ಹಸಿವನ್ನು ಬಿಟ್ಟು ಬರೆದ ಪಟ್ಟಿ ಸುಳ್ಳು ಪಟ್ಟಿಯಾಗುತ್ತದೆ. ಎಲ್ಲ ಜೀವಿಗಳೂ ಸುಖವಾಗಿರಲಿ ಎಂಬ ಮೈತ್ರಿಯ ಪ್ರಾರ್ಥನೆಯಲ್ಲಿ ಉಣ್ಣುವವನೂ ಇದ್ದಾನೆ, ಹಾರುವುದೂ ಇದೆ. ಅವನ ಫೋನ್ ನಂಬರ್ ಕೇಳಿ ಪಡೆದುಕೊಂಡೆ. ಅವನು ನೀರು ಕೊಟ್ಟು, ಬಸ್ಸಿನವರೆಗೂ ಬೈಕಿನಲ್ಲಿ ಬಿಟ್ಟುಬಂದ.

ಸೋಮವಾರ, ಮಸ್ಕಿ

ಸಿಂಧನೂರು ದಾಟಿ ಮಸ್ಕಿಗೆ ಬಂದಾಗ ನಿವೃತ್ತ ಇತಿಹಾಸ ಮೇಷ್ಟ್ರು ಬಸ್ ನಿಲ್ದಾಣದಲ್ಲೇ ಕಾದಿದ್ದರು. ಬಾಬಾಸಾಹೇಬರು 1956ರಲ್ಲಿ ನಾಗಪುರದಲ್ಲಿ ತೋರಿಸಿದ ದಾರಿಯಲ್ಲಿ ನಡೆದು ಉಪಾಸಕರಾದ ಮನೆತನ ಅವರದು. ನನ್ನನ್ನು ತಂಗಿ ಎಂದೇ ಕರೆಯುತ್ತಾರೆ.

ದುರ್ಗದ ಗುಡ್ಡದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಪತ್ತೆ ಮಾಡಿದರು. ಅಲ್ಲಿಯವರೆಗೆ ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ದೇವಾನಾಂಪ್ರಿಯನ ಜೊತೆಗೆ ಅಶೋಕನ ಹೆಸರನ್ನು ಇಟ್ಟುಕೊಟ್ಟದ್ದು ಈ ಬಂಡೆ. ಮೇಷ್ಟ್ರಿಗೆ ಇದನ್ನು ಹೇಳುವಾಗ ಇವತ್ತಿಗೂ ಧ್ವನಿ ಏರುತ್ತದೆ.

ನೆರಳಿನಲ್ಲಿ ಕುಳಿತು ನಾನು ಬಹುದಿನದ ಪ್ರಶ್ನೆ ಎತ್ತಿದೆ. ಪಟ್ಟಿಯ ವಿಷಯ ಹೇಳಿದಾಗ ನಮ್ಮ ಗುಂಪಿನಲ್ಲೇ ಕೆಲವರು, ಎಲ್ಲವೂ ಅನಿತ್ಯ, ಹುಟ್ಟಿದ ಪ್ರಭೇದಗಳು ಅಳಿಯಲೇಬೇಕು, ಬೌದ್ಧರು ಇದಕ್ಕೆ ಅಳುವುದು ಸರಿಯೇ ಎಂದಿದ್ದರು. ಮೇಷ್ಟ್ರು ತಕ್ಷಣ ಹೇಳಿದರು: "ಪ್ರತಿದಿನ ಮನನ ಮಾಡಲು ಬುದ್ಧ ಕೊಟ್ಟದ್ದು ಐದು ಮಾತು, ತಂಗಿ. ಮುಪ್ಪು ನನಗೆ ತಪ್ಪದು. ರೋಗ ತಪ್ಪದು. ಸಾವು ತಪ್ಪದು. ಪ್ರಿಯವಾದದ್ದೆಲ್ಲ ನನ್ನಿಂದ ಅಗಲುವುದು. ಐದನೆಯದು, ನನ್ನ ಕರ್ಮಕ್ಕೆ ನಾನೇ ವಾರಸುದಾರ. ನಿಮ್ಮವರು ನಾಲ್ಕಕ್ಕೆ ಪುಸ್ತಕ ಮುಚ್ಚಿದ್ದಾರೆ."

ಈ ಪ್ರವಾಸದಲ್ಲಿ ನಾನು ಕೇಳಿದ ಅತ್ಯಂತ ಬೆಲೆಯುಳ್ಳ ಮಾತು ಇದು. ಎಲೆ ಉದುರುವುದು ಅನಿತ್ಯ. ಮರವನ್ನು ಬುಡಸಮೇತ ಕಿತ್ತು, ಅನಿತ್ಯವಲ್ಲವೇ ಎನ್ನುವುದು ಧರ್ಮದ ಹೆಸರಿನಲ್ಲಿ ಜಾರಿಕೊಳ್ಳುವುದು. ಬುದ್ಧನ ಸುತ್ತಲಿದ್ದವರು ಅತ್ತಿದ್ದಾರೆ. ಗುರುವಿನ ಪರಿನಿರ್ವಾಣ ಹತ್ತಿರವಾದಾಗ ಆನಂದ ಬಾಗಿಲಿಗೆ ಒರಗಿ ಅಳುತ್ತಾನೆ. ಬುದ್ಧ ಅವನನ್ನು ಕರೆಸಿ, ಅಗಲಿಕೆಯನ್ನು ಮೊದಲೇ ಹೇಳಿರಲಿಲ್ಲವೇ ಎಂದು ಸಂತೈಸಿ, ಆಮೇಲೆ ಎಲ್ಲರೆದುರು ಅವನ ಗುಣಗಳನ್ನು ಕೊಂಡಾಡುತ್ತಾನೆ. ಪ್ರಮುಖ ಶಿಷ್ಯರಾದ ಸಾರಿಪುತ್ತ, ಮೊಗ್ಗಲ್ಲಾನರು ತೀರಿಕೊಂಡ ಮೇಲೆ ಈ ಸಭೆ ನನಗೆ ಬರಿದಾಗಿ ಕಾಣುತ್ತಿದೆ ಎಂದು ಬುದ್ಧನೇ ಹೇಳುತ್ತಾನೆ. ಶೋಕದಲ್ಲಿ ಮುಳುಗಲಿಲ್ಲ, ಆದರೆ ಬರಿದಾದದ್ದನ್ನು ತುಂಬಿದೆ ಎಂದು ನಟಿಸಲೂ ಇಲ್ಲ. ಎರೆಹೊಲವನ್ನು ಹೀಗೆಯೇ ನೋಡಬೇಕು.

ಜಪಾನಿನ ಕಯೋಯಿ ಎಂಬ ತಿಮಿಂಗಿಲ ಬೇಟೆಯ ಊರಿನ ಬಗ್ಗೆ ನಾನು ಮೇಷ್ಟ್ರಿಗೆ ಹೇಳಿದೆ. ಬೇಟೆಯಾದ ತಾಯಿ ತಿಮಿಂಗಿಲಗಳ ಹೊಟ್ಟೆಯಲ್ಲಿದ್ದ ಮರಿಗಳನ್ನು ಹೂಳಿ ಅಲ್ಲಿಯವರು 1692ರಲ್ಲಿ ಗೋರಿ ಕಟ್ಟಿದರು. ಕೊಂದ ತಿಮಿಂಗಿಲಗಳಿಗೆ ಮನುಷ್ಯರಿಗೆ ಇಡುವಂತೆ ಮರಣೋತ್ತರ ಹೆಸರಿಟ್ಟು ದೇವಾಲಯದ ದಾಖಲೆಯಲ್ಲಿ ಬರೆದರು. ಥಾಯ್ಲೆಂಡಿನ ಭಿಕ್ಷುಗಳು 1980ರ ದಶಕದ ಕೊನೆಯಿಂದ ಕಾಡಿನ ಮರಗಳಿಗೆ ಕಾಷಾಯ ಸುತ್ತಿ ಕಡಿಯದಂತೆ ಉಳಿಸಿಕೊಂಡದ್ದನ್ನೂ ಹೇಳಿದೆ. ಮರದ ಕಥೆಗೆ ಮೇಷ್ಟ್ರು ತಲೆದೂಗಿದರು. ತಿಮಿಂಗಿಲದ ಕಥೆಗೆ ಹುಬ್ಬು ಗಂಟಿಕ್ಕಿ, "ಹೆಸರಿಟ್ಟ ಮೇಲೂ ಬೇಟೆ ನಿಲ್ಲಿಸಿದರೇ?" ಎಂದು ಕೇಳಿದರು. ನಿಲ್ಲಿಸಲಿಲ್ಲ. ಹಾಗಾದರೆ ಅಲ್ಲಿಯೂ ಐದನೆಯ ಮಾತು ಅರ್ಧಕ್ಕೆ ನಿಂತಿದೆ ಎಂದರು. ನನಗೆ ಅಷ್ಟು ಕಠಿಣವಾಗಲು ಮನಸ್ಸು ಬರಲಿಲ್ಲ. ಕೊಂದ ಜೀವಕ್ಕೆ ಹೆಸರಿಡುವವನು ಕೊಂದದ್ದನ್ನು ಮುಚ್ಚಿಟ್ಟಿಲ್ಲ. ಸಂಡೂರಿನ ಚಾಲಕರು ಗುಡ್ಡದ ಹೆಸರು ಹೇಳಿದ್ದೂ ಅದೇ ಬಗೆಯ ಪ್ರಾಮಾಣಿಕತೆ.

ಇಳಿಯುವಾಗ ಮೇಷ್ಟ್ರು ಮತ್ತೊಂದು ವಿಷಯ ಎತ್ತಿದರು. ಕಳಿಂಗದಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನರನ್ನು ಸೆರೆ ಒಯ್ದರು, ಸತ್ತವರ ಬಂಧುಮಿತ್ರರಿಗೂ ನೋವಾಯಿತು ಎಂದು ಅಶೋಕ ಎಣಿಸಿ ಬರೆದ 13ನೆಯ ಬಂಡೆಶಾಸನ ದೂರದೂರದ ಪ್ರಾಂತಗಳಲ್ಲಿದೆ. ಕಳಿಂಗದ ಧೌಲಿ, ಜೌಗಡಗಳಲ್ಲಿ ಮಾತ್ರ ಅದನ್ನು ಕೊರೆಸಲಿಲ್ಲ. "ನೊಂದವರ ಊರಲ್ಲೇ ಅದು ಇಲ್ಲ. ನಿಮ್ಮ ಪಟ್ಟಿಯನ್ನು ಬಳ್ಳಾರಿಯ ಸಭಾಂಗಣದಲ್ಲಿ ಓದುತ್ತೀರೋ, ಸಿರುಗುಪ್ಪದ ಹೊಲದಲ್ಲಿ ಓದುತ್ತೀರೋ?" ಎಂದು ಕೇಳಿದರು. ಆ ಪ್ರಶ್ನೆ ರಾತ್ರಿಯೆಲ್ಲ ನನ್ನೊಡನೆ ಇತ್ತು.

ಮಂಗಳವಾರ, ಹಿರೇಬೆಣಕಲ್

ಗಂಗಾವತಿಯಿಂದ ಕೊಪ್ಪಳದ ದಾರಿಯಲ್ಲಿ ಇಳಿದು ಮೇಷ್ಟ್ರೂ ನಾನೂ ಗುಡ್ಡ ಹತ್ತಿದೆವು. ಬೃಹತ್ ಶಿಲಾಯುಗದ ನೂರಾರು ಸಮಾಧಿ ಕಲ್ಮನೆಗಳು, ಊರವರ ಬಾಯಲ್ಲಿ ಮೋರ್ಯರ ಮನೆಗಳು. ಬಿಸಿಲು ಜೋರಾಗಿತ್ತು, ಹೆಚ್ಚು ಹೊತ್ತು ನಿಲ್ಲಲಾಗಲಿಲ್ಲ. ಇದೇ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳಿಗಾಗಿಯೇ ಧಾಮ ಆಗಿದೆ ಎಂದು ಮೇಷ್ಟ್ರು ನೆನಪಿಸಿದರು. ನಿನ್ನೆಯವರೆಗೆ ಪಟ್ಟಿಯಲ್ಲಿದ್ದ ತೋಳದ ಮುಂದೆ ಪೆನ್ಸಿಲಿನಿಂದ ಗುರುತು ಹಾಕಿದೆ.

ಬುಧವಾರ, ಕೊಪ್ಪಳ

ಗವಿಮಠದ ಹತ್ತಿರದ ಶಾಸನ, ಪಾಲ್ಕಿಗುಂಡಿನ ಶಾಸನ ಎರಡೂ 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡಿನ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳನ್ನೂ ಕೆತ್ತಿದ್ದಾರೆ. ಕೊಪಣವೆಂದು ಹೆಸರಾದ ಈ ನೆಲದಲ್ಲಿ ಜೈನರು ಸಲ್ಲೇಖನ ವ್ರತದಿಂದ ದೇಹ ಬಿಟ್ಟವರನ್ನು ಕಲ್ಲುಗಳಲ್ಲಿ ಸ್ಮರಿಸಿದ್ದಾರೆ. ಹೋದವರನ್ನು ನೆನೆಯುವ ಕೆಲಸ ಈ ಊರಿಗೆ ಬಹಳ ಹಳೆಯ ಅಭ್ಯಾಸ.

ಬೆಳಿಗ್ಗೆ ಹಿರೇಹಳ್ಳವನ್ನು ನೋಡಿ ಬಂದಿದ್ದೆವು. ಜಾಲಿ, ಹೂಳು, ಕಸದಲ್ಲಿ ಕಾಣೆಯಾಗಿದ್ದ ಆ ಹಳ್ಳವನ್ನು 2019ರಲ್ಲಿ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನ ಸೇರಿ ಇಪ್ಪತ್ತಕ್ಕೂ ಹೆಚ್ಚು ಕಿಲೋಮೀಟರ್ ಹಸನು ಮಾಡಿದರು. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದಾರೆ. ಇವನ್ನು ನೋಡುತ್ತ ಪಟ್ಟಿಯನ್ನು ಪಾಲ್ಕಿಗುಂಡಿನ ನೆರಳಿನಲ್ಲಿ ಹರಡಿದಾಗ ಮೇಷ್ಟ್ರು ಎರ್ಲಡ್ಡುವಿನ ಮೇಲೆ ಬೆರಳಿಟ್ಟರು. "ಉಳಿದಿರುವಾಗಲೇ ತಿಥಿ ಮಾಡುತ್ತೀಯಾ ತಂಗಿ?"

ನಾವು ಬಹಳ ಹೊತ್ತು ವಾದಿಸಿದೆವು. ಹೋಗುತ್ತಿರುವುದಕ್ಕೆ ಈಗಲೇ ಅಳದೆ ಹೋದ ಮೇಲೆ ಅತ್ತರೆ ಏನು ಬಂತು ಎಂಬುದು ನನ್ನ ಮಾತು. ಸತ್ತವರ ಸಾಲಿನಲ್ಲಿ ಹೆಸರು ಓದಿದ ಮೇಲೆ ಕೇಳುವವರು ಕೈಚೆಲ್ಲುತ್ತಾರೆ ಎಂಬುದು ಅವರದು. ಕೊನೆಗೆ ಅವರ ಮಾತು ನನಗೆ ಒಪ್ಪಿಗೆಯಾಯಿತು. ಎರ್ಲಡ್ಡು, ತೋಳ, ರಣಹದ್ದು, ನೀರುನಾಯಿ ನೀರೆರೆಯುವ ಭಾಗದಿಂದ, ಬದುಕಿರುವವರಿಗೆ ಸುಖ ಕೋರುವ ಮೈತ್ರಿಯ ಭಾಗಕ್ಕೆ ಹೋದವು. ಸಂಡೂರಿನ ಹೆಸರುಳ್ಳ ಗುಡ್ಡ, ಹಳ್ಳದ ಮಡು, ರಾಣೆಬೆನ್ನೂರಿನ ಬಯಲಿನ ಎರ್ಲಡ್ಡುಗಳು, ಇಡೀ ದೇಶದಿಂದ ಅಳಿದುಹೋದವೆಂದು 1952ರಲ್ಲಿ ಘೋಷಿಸಿದ ನಮ್ಮ ಚೀತಾಗಳು, ಊರು ಬಿಟ್ಟು ಕೂಲಿಗೆ ಹೋಗಿ ಮರಳದ ತಾತಂದಿರು ನೀರೆರೆಯುವ ಭಾಗದಲ್ಲಿ ಉಳಿದರು.

ಅಲ್ಲಿಂದಲೇ ಸಿರುಗುಪ್ಪದ ಯುವ ರೈತನಿಗೆ ಫೋನ್ ಮಾಡಿದೆ. ಹುಣ್ಣಿಮೆಯ ಸಂಜೆ ನಿಮ್ಮ ಊರಿನ ಕಟ್ಟೆಯ ಮೇಲೆ ಇದನ್ನು ಓದಬಹುದೇ, ನಿಮ್ಮ ತಾತನ ಹೆಸರೂ ಪಟ್ಟಿಯಲ್ಲಿದೆ ಎಂದೆ. ಸ್ವಲ್ಪ ಹೊತ್ತು ಅವನು ಮಾತಾಡಲಿಲ್ಲ. ಆಮೇಲೆ, ಬನ್ನಿ ಎಂದ. ಹುಲ್ಲು ಸುಡುವ ವಿಷಯವನ್ನೂ ಅಂದು ಎತ್ತಬೇಕೆಂದಿದ್ದೇವೆ ಎಂದಾಗ ಅವನು ಹೇಳಿದ: "ಅದನ್ನು ನನಗೆ ಬಿಡಿ. ನೀವು ಹೇಳಿದರೆ ಊರವರು ಎದ್ದು ಹೋಗುತ್ತಾರೆ. ನಾನು ಹೇಳಿದರೆ ಜಗಳವಾಡಲಿಕ್ಕಾದರೂ ಕೂರುತ್ತಾರೆ."